ನಿವೃತ್ತಿಯ ನಂತರ ಎಲ್ಲಿ ಗುಡಾರ ಹಾಕೋಣ?



ಹಿರಿಯ ದಂಪತಿಗಳು ಗುರುಗಳ ಬಳಿಗೆ ತರುವ ಪ್ರಶ್ನೆಗಳಲ್ಲಿ ಇತ್ತೀಚೆಗೆ ಹೊಸದೊಂದು ಸೇರಿಕೊಂಡಿದೆ. "ಫಾದರ್, ಕೆಲಸ ಮುಗಿಯಿತು. ಮಕ್ಕಳು ದೂರ ಇದ್ದಾರೆ. ಈ ಬೆಂಗಳೂರಿನ ಗದ್ದಲ, ಹೊಗೆ, ಡಿಸೆಂಬರಿನ ಚಳಿ, ಇದೆಲ್ಲ ಇವಳ ಮಂಡಿಗೂ ಆಗುವುದಿಲ್ಲ, ನನ್ನ ಉಬ್ಬಸಕ್ಕೂ ಆಗುವುದಿಲ್ಲ. ಗೋವೆಯಲ್ಲೋ, ಕೊಯಮತ್ತೂರಿನ ಕಡೆಯೋ, ವೇಲಾಂಕಣಿ ಮಾತೆಯ ಹತ್ತಿರವೋ ಒಂದು ಸಣ್ಣ ಮನೆ ಮಾಡಿಕೊಂಡು ಬೆಚ್ಚಗೆ, ನೆಮ್ಮದಿಯಾಗಿ ಇದ್ದುಬಿಡೋಣ ಅಂತಿದ್ದೇವೆ. ಹೋಗಬಹುದಾ?" ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಯಜಮಾನರು. ಪಕ್ಕದಲ್ಲಿ ನಿಂತ ಅಮ್ಮ ಸೆರಗಿನ ತುದಿ ತಿರುವುತ್ತಾ ಸುಮ್ಮನಿರುತ್ತಾರೆ. ಆ ಮೌನವನ್ನು ಮೊದಲು ಕೇಳಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಆ ವಿಷಯಕ್ಕೆ ಆಮೇಲೆ ಬರೋಣ.

ಕಾಲ ಹೇಗೆ ತಿರುಗಿತು ನೋಡಿ! ಒಂದು ಕಾಲಕ್ಕೆ ಬೆಂಗಳೂರನ್ನೇ ಪಿಂಚಣಿದಾರರ ಸ್ವರ್ಗ ಎನ್ನುತ್ತಿದ್ದರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ತಂಪು ಗಾಳಿಯನ್ನು ಹುಡುಕಿಕೊಂಡು ಬೇರೆ ಬೇರೆ ಪ್ರಾಂತ್ಯಗಳಿಂದ ಜನ ಬಂದು ನೆಲೆಸಿದರು. 1882ರಲ್ಲಿ ಮೈಸೂರಿನ ಅರಸರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ ಶಾಂತವಾದ ಹಳ್ಳಿಯೇ ವೈಟ್‌ಫೀಲ್ಡ್. ಇಂದು ಆ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ನಿಂತು "ಇದು ವಿಶ್ರಾಂತಿಯ ಊರಾಗಿತ್ತು" ಎಂದರೆ ಮಕ್ಕಳು ನಗುತ್ತಾರೆ. ಅಂದು ಶಾಂತಿ ಅರಸಿ ಬಂದವರ ಮೊಮ್ಮಕ್ಕಳು ಇಂದು ಶಾಂತಿ ಅರಸಿ ಹೊರಟಿದ್ದಾರೆ. ನಾವು ಕೊಳ್ಳುವ ಶಾಂತಿಗೆ ಯಾರೂ ಗ್ಯಾರಂಟಿ ಪತ್ರ ಬರೆದುಕೊಡುವುದಿಲ್ಲ.

ಮೊದಲು ಒಂದು ಅನುಮಾನವನ್ನು ಪರಿಹರಿಸಿಬಿಡೋಣ. ಸುಖವಾಗಿರಬೇಕೆಂದು ಬಯಸುವುದು ಪಾಪವೇ? ಅಲ್ಲ. ದಣಿದು ಬಂದ ಪ್ರೇಷಿತರನ್ನು ಪ್ರಭು ಯೇಸು ತಾವಾಗಿಯೇ ಏಕಾಂತ ಸ್ಥಳಕ್ಕೆ ಕರೆದು, ಸ್ವಲ್ಪ ವಿಶ್ರಮಿಸಿಕೊಳ್ಳಲು ಹೇಳಿದ್ದನ್ನು ಸಂತ ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ಮೂವತ್ತೈದು ವರ್ಷ ಪಾಳಿಯ ಕೆಲಸ ಮಾಡಿದ ದೇಹ ಬಿಸಿಲನ್ನು ಬಯಸಿದರೆ ಅದರಲ್ಲಿ ತಪ್ಪೇನಿದೆ? ವಯಸ್ಸಾದ ಮೇಲೆ ಊರು ಬಿಡುವುದೂ ನಮ್ಮ ವಿಶ್ವಾಸಕ್ಕೆ ಹೊಸದಲ್ಲ. ದೇವರ ಮಾತಿನಂತೆ ಹಾರಾನನ್ನು ಬಿಟ್ಟು ಹೊರಟಾಗ ಅಬ್ರಹಾಮನಿಗೆ 75 ವರ್ಷ. ಯಕೋಬನು ಈಜಿಪ್ಟಿಗೆ ಹೋಗಿ ಫರೋಹನ ಮುಂದೆ ನಿಂತಾಗ ಅವನಿಗೆ 130. ಆದ್ದರಿಂದ "ಹೋಗಬಹುದಾ" ಎಂಬ ಪ್ರಶ್ನೆಗೆ ಉತ್ತರ ಸುಲಭ. ಹೋಗಬಹುದು. ಹೇಗೆ ಆರಿಸಬೇಕು ಎಂಬುದೇ ಕಷ್ಟ.

ಆರಿಸುವುದರ ಬಗ್ಗೆ ಪವಿತ್ರ ಗ್ರಂಥದಲ್ಲಿ ಒಂದು ಸೊಗಸಾದ ಕಥೆ ಇದೆ. ಆದಿಕಾಂಡದ 13ನೇ ಅಧ್ಯಾಯವನ್ನು ಈ ಭಾನುವಾರ ಮನೆಯಲ್ಲಿ ಓದಿರಿ. ಅಬ್ರಹಾಮನ ದನಗಾಹಿಗಳಿಗೂ ಲೋಟನ ದನಗಾಹಿಗಳಿಗೂ ಜಗಳವಾಯಿತು. ಚಿಕ್ಕಪ್ಪನಾದ ಅಬ್ರಹಾಮನು ದೊಡ್ಡ ಮನಸ್ಸಿನಿಂದ, ಎಡವೋ ಬಲವೋ ನೀನೇ ಮೊದಲು ಆರಿಸಿಕೋ ಎಂದ. ಲೋಟನು ಕಣ್ಣೆತ್ತಿ ನೋಡಿದ. ಜೋರ್ಡನ್ ಬಯಲು ನೀರಾವರಿಯಿಂದ ತುಂಬಿ ದೇವರ ತೋಟದಂತೆ ಕಾಣಿಸಿತು. ಅಷ್ಟೇ ಸಾಕಾಯಿತು. ನೆರೆಹೊರೆ ಯಾರು, ಆ ಊರಿನ ಜನ ಎಂಥವರು, ಅಲ್ಲಿ ದೇವರಿಗೆ ಬಲಿ ಅರ್ಪಿಸಲು ಜಾಗವಿದೆಯೇ ಎಂದು ಅವನು ಕೇಳಿದ ಸೂಚನೆಯೇ ಇಲ್ಲ. ಗುಡಾರವನ್ನು ಸೊದೋಮಿನ ಕಡೆಗೆ ಸರಿಸುತ್ತಾ ಸರಿಸುತ್ತಾ ಹೋದ. ಆರು ಅಧ್ಯಾಯ ದಾಟಿದರೆ ಆ ಮನೆಯೂ ಇಲ್ಲ, ಹೆಂಡತಿಯೂ ಇಲ್ಲ. ಅವನು ಗುಹೆಯೊಂದರಲ್ಲಿ ಹೆಣ್ಣುಮಕ್ಕಳೊಂದಿಗೆ ಇದ್ದಾನೆ. ಆದರೆ ಅಬ್ರಹಾಮನು ಗುಡಾರ ಹಾಕಿದ ಕಡೆಗಳಲ್ಲಿ ಸರ್ವೇಶ್ವರನಿಗೆ ಒಂದು ಪೀಠ ಕಟ್ಟಿದನೆಂದು ಅದೇ ಆದಿಕಾಂಡ ಮತ್ತೆ ಮತ್ತೆ ಹೇಳುತ್ತದೆ.

ಕಣ್ಣಿಗೆ ಕಂಡದ್ದನ್ನೇ ನಂಬಿ ಮುಂಗಡ ಕೊಡುವವರು ಇಂದಿಗೂ ಕಡಿಮೆ ಇಲ್ಲ. ಮನೆ ಮಾರುವವರು ಊರನ್ನು ಅದರ ಅತ್ಯಂತ ಒಳ್ಳೆಯ ತಿಂಗಳಲ್ಲಿ ತೋರಿಸುತ್ತಾರೆ. ನೀವು ಅದನ್ನು ಅತ್ಯಂತ ಕೆಟ್ಟ ತಿಂಗಳಲ್ಲಿ ನೋಡಬೇಕು. ಗೋವೆಯನ್ನು ಜನವರಿಯಲ್ಲಿ ನೋಡಿದರೆ ಯಾರಿಗೆ ಇಷ್ಟವಾಗದು? ಅದೇ ಗೋವೆಯನ್ನು ಜುಲೈಯಲ್ಲಿ ನೋಡಿರಿ. ವಾರಗಟ್ಟಲೆ ಮಳೆ, ಗೋಡೆಯಲ್ಲಿ ಒಸರು, ಒಣಗದ ಬಟ್ಟೆ. ಉಬ್ಬಸದವರಿಗೆ ಒಣ ಚಳಿಗಿಂತ ಈ ಬೂಷ್ಟೇ ಹೆಚ್ಚು ಕಾಟ ಕೊಡಬಹುದು. ಸಾಲದ್ದಕ್ಕೆ ನೀವು ಬೆಚ್ಚಗಿರಲು ಬಯಸುವ ಡಿಸೆಂಬರ್, ಜನವರಿಗಳಲ್ಲೇ ಅಲ್ಲಿಗೆ ಪ್ರವಾಸಿಗರೂ ಮುಗಿಬೀಳುತ್ತಾರೆ. ಕಡಲ ತೀರದ ಊರುಗಳಲ್ಲಿ ರಾತ್ರಿಯ ನಿದ್ದೆಗೆ ಭರವಸೆ ಇಲ್ಲ. ವೇಲಾಂಕಣಿಯ ಬೆಚ್ಚಗಿನ ಕಡಲತೀರ ವರ್ಷದ ಬಹಳಷ್ಟು ದಿನ ಶಾಂತವಾಗಿರುತ್ತದೆ, ನಿಜ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ಲಕ್ಷಗಟ್ಟಲೆ ಯಾತ್ರಿಕರು ಸೇರುತ್ತಾರೆ. ಅದು ಸಂತೋಷದ ಗದ್ದಲ, ಇರಲಿ. ಆದರೆ ಆ ತೀರಕ್ಕೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆಯೂ ಚಂಡಮಾರುತಗಳೂ ಬರುತ್ತವೆ. 2018ರ ನವೆಂಬರಿನ 'ಗಜ' ಚಂಡಮಾರುತ ನಾಗಪಟ್ಟಿಣಂ ಸೀಮೆಯನ್ನೇ ಮಲಗಿಸಿತು. 2004ರ ಡಿಸೆಂಬರ್ 26, ಅದೂ ಭಾನುವಾರ, ಸುನಾಮಿಯ ಅಲೆಗಳು ಅಲ್ಲಿ ಎಷ್ಟೊಂದು ಯಾತ್ರಿಕರನ್ನು ಎಳೆದೊಯ್ದವು ಎಂಬುದನ್ನು ನಮ್ಮ ಜನ ಮರೆತಿಲ್ಲ. ಕೊಯಮತ್ತೂರಿಗೆ ಸಮುದ್ರವಿಲ್ಲ, ಆದರೆ ಆಸ್ಪತ್ರೆಗಳಿವೆ, ಹವೆ ಹದವಾಗಿದೆ, ಬೆಂಗಳೂರಿನಿಂದ ಹಗಲಿನ ರೈಲಿನಲ್ಲೇ ಮುಟ್ಟಬಹುದು. ನನ್ನನ್ನು ಕೇಳಿದರೆ ಸಮುದ್ರದ ನೋಟಕ್ಕಿಂತ ಆಸ್ಪತ್ರೆಯ ದೂರವನ್ನು ಮೊದಲು ಅಳೆಯಿರಿ ಎನ್ನುತ್ತೇನೆ. 70 ವರ್ಷ ದಾಟಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವನ್ನು 2024ರ ಅಕ್ಟೋಬರಿನಲ್ಲಿ ವಿಸ್ತರಿಸಲಾಯಿತು. ಆದರೆ ನೀವು ಹೋಗುವ ಊರಿನ ಯಾವ ಆಸ್ಪತ್ರೆ ಆ ಪಟ್ಟಿಯಲ್ಲಿದೆ ಎಂಬುದನ್ನು ಅಲ್ಲಿಗೇ ಹೋಗಿ, ಕೌಂಟರಿನ ಮುಂದೆ ನಿಂತು ಕೇಳಿ ಬನ್ನಿ.

ಇನ್ನು ಸೆರಗಿನ ತುದಿ ತಿರುವುತ್ತಾ ನಿಂತ ಅಮ್ಮನ ವಿಷಯ.

ಹೀಗೊಬ್ಬ ತಾಯಿ ಕೊನೆಗೂ ಬಾಯಿ ಬಿಟ್ಟು, "ಸ್ವಾಮಿ, ಇವರಿಗೆ ಸಮುದ್ರ ಕಾಣುತ್ತದೆ. ನನಗೆ ಇವರು ಹೋದ ಮೇಲಿನ ಮನೆ ಕಾಣುತ್ತದೆ" ಎಂದರು. ಎಷ್ಟು ಸತ್ಯವಾದ ಮಾತು! ಗಂಡ ವಯಸ್ಸಿನಲ್ಲಿ ಹಿರಿಯ; ಸಾಮಾನ್ಯವಾಗಿ ಮೊದಲು ಹೋಗುವವನೂ ಅವನೇ. ಆಮೇಲೆ ಆ ಊರಿನಲ್ಲಿ ಉಳಿಯಬೇಕಾದವಳು ಅವಳು. ಹಾಲಿನವನ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕು? ರಾತ್ರಿ ಎರಡು ಗಂಟೆಗೆ ಎದೆ ನೋವು ಬಂದರೆ ಯಾರ ಬಾಗಿಲು ತಟ್ಟಬೇಕು? ಪಾಪನಿವೇದನೆಯನ್ನು ಯಾವ ಭಾಷೆಯಲ್ಲಿ ಮಾಡಬೇಕು? ಗೋವೆಯ ಚರ್ಚುಗಳಲ್ಲಿ ಬಲಿಪೂಜೆ ಹೆಚ್ಚಾಗಿ ಕೊಂಕಣಿಯಲ್ಲಿ. ನಮ್ಮ ಕರಾವಳಿಯ ಕೊಂಕಣಿಗರಿಗೂ ಅಲ್ಲಿನ ಉಚ್ಚಾರ ಬೇರೆ, ಪ್ರಾರ್ಥನಾ ಪುಸ್ತಕದ ಲಿಪಿ ಬೇರೆ. ಇಲ್ಲಿ ಕನ್ನಡ ಲಿಪಿಯಲ್ಲಿ ಓದಿದವರು ಅಲ್ಲಿ ರೋಮನ್ ಲಿಪಿಯಲ್ಲಿ ಓದಬೇಕು. ಮೈಸೂರು, ಹಾಸನದ ಕಡೆಯ ಕನ್ನಡದವರ ಪಾಡಂತೂ ಹೇಳಬೇಕಿಲ್ಲ. ಮನೆಯಲ್ಲಿ ತಮಿಳು ಮಾತಾಡುವ ನಮ್ಮ ಧರ್ಮಕೇಂದ್ರದ ಕುಟುಂಬಗಳಿಗೆ ಕೊಯಮತ್ತೂರು ಪರಸ್ಥಳವೆನಿಸದು, ಉಳಿದವರಿಗೆ ಅನಿಸುತ್ತದೆ.

ರೂತಳ ಗ್ರಂಥ ಆರಂಭವಾಗುವುದೇ ಹೀಗೆ. ಎಲಿಮೆಲೆಕನು ಬರಗಾಲಕ್ಕೆ ಹೆದರಿ ಹೆಂಡತಿ ನವೊಮಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬೆತ್ಲೆಹೇಮಿನಿಂದ ಮೋವಾಬಿಗೆ ಹೋದ. ತೀರ್ಮಾನ ಅವನದು. ಅಲ್ಲಿ ಅವನು ತೀರಿಕೊಂಡ. ಸುಮಾರು ಹತ್ತು ವರ್ಷಗಳಲ್ಲಿ ಮಕ್ಕಳಿಬ್ಬರೂ ತೀರಿಕೊಂಡರು. ಪರನಾಡಿನಲ್ಲಿ ಉಳಿದವಳು ನವೊಮಿ. ತುಂಬಿದವಳಾಗಿ ಹೋಗಿ ಬರಿಗೈಯಲ್ಲಿ ಬಂದೆನೆಂದು ಅವಳು ಬೆತ್ಲೆಹೇಮಿನ ಹೆಂಗಸರ ಮುಂದೆ ಹೇಳಿಕೊಂಡಳು. ರೂತಳಂಥ ಸೊಸೆ ಇಲ್ಲದಿದ್ದರೆ ಅವಳ ಗತಿ ಏನಾಗುತ್ತಿತ್ತೋ! ಪ್ರಿಯ ಯಜಮಾನರೇ, ಮನೆ ನೋಡಲು ಹೋದಾಗ ಒಂದು ದಿನ ನೀವು ಸುಮ್ಮನೆ ಕುಳಿತು ನಿಮ್ಮ ಪತ್ನಿಯೊಬ್ಬರನ್ನೇ ಅಂಗಡಿಗೆ, ಚರ್ಚಿಗೆ, ಔಷಧಿಗೆ ಕಳುಹಿಸಿ ನೋಡಿರಿ. ಅವರು ಹಿಂದಿರುಗಿ ಬಂದಾಗ ಮುಖ ಹೇಗಿದೆ ಎಂಬುದು ದಲ್ಲಾಳಿಯ ಹತ್ತು ಮಾತಿಗಿಂತ ಹೆಚ್ಚು ತಿಳಿಸುತ್ತದೆ.

ಊರು ಬಿಟ್ಟ ಹಿರಿಯರ ಕಥೆಗಳ ನಡುವೆ ಊರು ಬಿಡಲಾರೆನೆಂದ ಹಿರಿಯನೊಬ್ಬನ ಕಥೆಯೂ ಪವಿತ್ರ ಗ್ರಂಥದಲ್ಲಿದೆ. ಬೋಧನೆಗಳಲ್ಲಿ ಅದು ಅಷ್ಟಾಗಿ ಕೇಳಿಬರುವುದಿಲ್ಲ. ಗಿಲ್ಯಾದಿನ ಬರ್ಜಿಲ್ಲೈ, 80 ವರ್ಷದ ಸಿರಿವಂತ. ಮಗನಾದ ಅಬ್ಷಾಲೋಮನ ದಂಗೆಗೆ ಹೆದರಿ ದಾವೀದ ಅರಸ ಓಡಿಬಂದಾಗ ಅವನಿಗೆ ಅನ್ನ, ಹಾಸಿಗೆ ಕೊಟ್ಟು ಸಾಕಿದವರಲ್ಲಿ ಒಬ್ಬ. ದಂಗೆ ಅಡಗಿದ ಮೇಲೆ ದಾವೀದನು ಉಪಕಾರ ಮರೆಯಲಿಲ್ಲ. ನನ್ನೊಂದಿಗೆ ಜೆರುಸಲೇಮಿಗೆ ಬಾ, ಅಲ್ಲಿ ನಿನ್ನನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಕರೆದ. ಅರಮನೆಯ ಊಟ, ಅರಸನ ಸ್ನೇಹ, ಬಾಡಿಗೆ ಇಲ್ಲದ ವಸತಿ! ಇದಕ್ಕಿಂತ ಒಳ್ಳೆಯ ನಿವೃತ್ತಿಯನ್ನು ಯಾರು ಕೊಟ್ಟಾರು?

ಬರ್ಜಿಲ್ಲೈ ಕೊಟ್ಟ ಉತ್ತರವನ್ನು ಸಮುವೇಲನ ಎರಡನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ನೋಡಬಹುದು. ಅದರಲ್ಲಿ ಮುನಿಸಿಲ್ಲ, ಅಹಂಕಾರವಿಲ್ಲ. ತನ್ನ ದೇಹದ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಸುತ್ತಾನೆ. ಇನ್ನು ಬದುಕುವ ವರ್ಷಗಳು ಎಷ್ಟು? ತಿಂದದ್ದರ ರುಚಿ ತಿಳಿಯುವುದಿಲ್ಲ, ಹಾಡುವವರ ದನಿ ಕೇಳಿಸುವುದಿಲ್ಲ, ಅರಸನಿಗೆ ಹೊರೆಯಾಗುವುದೇಕೆ? ನನ್ನ ಊರಿನಲ್ಲಿ, ತಂದೆತಾಯಿಯ ಸಮಾಧಿಯ ಬಳಿ ಸಾಯುವುದಕ್ಕೆ ಬಿಟ್ಟುಬಿಡು ಎಂದು ಕೇಳಿಕೊಳ್ಳುತ್ತಾನೆ. ತನಗೆ ಬದಲಾಗಿ ಕಿಮ್ಹಾಮನೆಂಬ ಯುವಕನನ್ನು ಕಳುಹಿಸಿಕೊಡುತ್ತಾನೆ. ದಾವೀದನಿಗೆ ಬೇಸರವಾಗಲಿಲ್ಲ. ಮುದುಕನಿಗೆ ಮುತ್ತಿಟ್ಟು ಹರಸಿ ಕಳುಹಿಸಿದ. ಮರಣಶಯ್ಯೆಯಲ್ಲಿದ್ದಾಗಲೂ ಬರ್ಜಿಲ್ಲೈಯ ಮಕ್ಕಳನ್ನು ನಿನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಬೇಕೆಂದು ಸೊಲೊಮೋನನಿಗೆ ತಿಳಿಸಿದ.

ನನಗೆ ಈ ಮುದುಕ ಬಹಳ ಪ್ರಿಯ. ಬರಲಾರೆ ಎನ್ನುವುದು ದೇವರಲ್ಲಿ ವಿಶ್ವಾಸ ಕಡಿಮೆಯಾದುದರ ಗುರುತೆಂದು ಪವಿತ್ರ ಗ್ರಂಥ ಎಲ್ಲಿಯೂ ಹೇಳುವುದಿಲ್ಲ. 75ರಲ್ಲಿ ಹೊರಟ ಅಬ್ರಹಾಮನೂ ದೇವರ ಮನುಷ್ಯನೇ, 80ರಲ್ಲಿ ಉಳಿದ ಬರ್ಜಿಲ್ಲೈಯೂ ಹರಸಲ್ಪಟ್ಟವನೇ. ಇಂದು ಅಮೆರಿಕದಿಂದಲೋ ದುಬೈಯಿಂದಲೋ ಮಕ್ಕಳು ಫೋನು ಮಾಡಿ, "ಅಪ್ಪಾ, ಆ ಹಳೆಯ ಮನೆ ಮಾರಿಬಿಡಿ, ಗೋವೆಯಲ್ಲಿ ಒಳ್ಳೆಯ ಫ್ಲಾಟು ನೋಡಿದ್ದೇನೆ, ವರ್ಷಕ್ಕೊಮ್ಮೆ ನಾವೂ ಬಂದು ಇರಬಹುದು" ಎನ್ನುತ್ತಾರೆ. ಮಕ್ಕಳ ಪ್ರೀತಿ ದೊಡ್ಡದು. ಆದರೂ ಆ ಫ್ಲಾಟು ಅಪ್ಪನ ನಿವೃತ್ತಿಗೋ ಮಕ್ಕಳ ರಜೆಗೋ ಎಂದು ಒಮ್ಮೆ ಕೇಳುವುದರಲ್ಲಿ ತಪ್ಪಿಲ್ಲ.

ಮಾರುವ ಮಾತು ಬಂತು. ಮಕ್ಕಳ ಹೆಸರಿಗೆ ಮನೆ ಬರೆದುಕೊಟ್ಟು ಹೋಗುವವರಿಗೆ ಒಂದು ಕಿವಿಮಾತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಸೆಕ್ಷನ್ನಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ರದ್ದು ಮಾಡಿಸಿಕೊಳ್ಳಲು ಅವಕಾಶವಿದೆ. ಆದ್ದರಿಂದ ಆ ಷರತ್ತನ್ನು ದಾನಪತ್ರದಲ್ಲೇ ಬಾಯಿಬಿಟ್ಟು ಬರೆಸಿರಿ. ಮಗನನ್ನು ಅನುಮಾನಿಸಿದಂತಾಗುತ್ತದೆ ಎಂದು ಸಂಕೋಚಪಡಬೇಡಿ. ಒಳ್ಳೆಯ ಮಗನಿಗೆ ಆ ಸಾಲಿನಿಂದ ನಷ್ಟವೇನೂ ಇಲ್ಲ.

ಸಮಾಧಿಯ ವಿಷಯವನ್ನು ಬರ್ಜಿಲ್ಲೈ ಎತ್ತಿದ, ನಾವೂ ಮುಚ್ಚಿಡಬಾರದು. ಊರು ಬದಲಿಸುವ ಮಾತು ಮನೆಯಲ್ಲಿ ನಡೆಯುವಾಗ ಎಲ್ಲದರ ಚರ್ಚೆಯಾಗುತ್ತದೆ, ಬಾಡಿಗೆ, ನೀರು, ಪಾರ್ಕಿಂಗು ಸಹ. ಎಲ್ಲಿ ಮಣ್ಣಾಗುತ್ತೇವೆ ಎಂಬುದರ ಚರ್ಚೆ ಮಾತ್ರ ಆಗುವುದಿಲ್ಲ. ಅಬ್ರಹಾಮನು ವಾಗ್ದಾನದ ನಾಡಿನಲ್ಲಿ ಕ್ರಯಕ್ಕೆ ಕೊಂಡ ಮೊದಲ ಭೂಮಿ ಯಾವುದು ಗೊತ್ತೇ? ಹೊಲವಲ್ಲ, ಮನೆಯ ನಿವೇಶನವಲ್ಲ. ಸಾರಾ ತೀರಿಕೊಂಡಾಗ ಅವಳನ್ನು ಹೂಳುವುದಕ್ಕೆಂದು 400 ಬೆಳ್ಳಿ ನಾಣ್ಯ ತೂಗಿಕೊಟ್ಟು ಹಿತ್ತಿಯನಾದ ಎಫ್ರೋನನಿಂದ ಕೊಂಡ ಮಕ್ಪೇಲದ ಗುಹೆ ಮತ್ತು ಅದರ ಸುತ್ತಲಿನ ಹೊಲ. ಯಕೋಬನು ಈಜಿಪ್ಟಿನಲ್ಲಿ 17 ವರ್ಷ ಸುಖವಾಗಿಯೇ ಇದ್ದ. ಸಾಯುವಾಗ ತನ್ನನ್ನು ಆ ಗುಹೆಗೇ ಒಯ್ಯಬೇಕೆಂದು ಜೋಸೆಫನಿಂದ ಪ್ರಮಾಣ ಮಾಡಿಸಿಕೊಂಡ. ನಮ್ಮಲ್ಲೂ ತಂದೆಯ ಗೋರಿಯ ಪಕ್ಕ ಜಾಗ ಬೇಕೆನ್ನುವವರಿದ್ದಾರೆ. ಧರ್ಮಸಭೆಯ ಕಾನೂನು ಈ ಬಯಕೆಯನ್ನು ಗೌರವಿಸುತ್ತದೆ. ಸಾಮಾನ್ಯವಾಗಿ ಅಂತ್ಯಕ್ರಿಯೆಯ ಪೂಜೆ ಸ್ವಂತ ಧರ್ಮಕೇಂದ್ರದಲ್ಲಿ, ಆದರೆ ಬೇರೆ ಚರ್ಚನ್ನೂ ಬೇರೆ ಸಮಾಧಿ ಭೂಮಿಯನ್ನೂ ಆರಿಸಿಕೊಳ್ಳುವ ಅವಕಾಶವಿದೆ. ಬೇರೆ ಚರ್ಚಿನಲ್ಲಿ ಪೂಜೆಯಾಗಬೇಕಾದರೆ ಅಲ್ಲಿನ ಗುರುಗಳ ಒಪ್ಪಿಗೆ ಬೇಕು, ಸ್ವಂತ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿರಬೇಕು. ನಗರದ ಸಮಾಧಿ ಭೂಮಿಗಳಲ್ಲಿ ಜಾಗದ ಅಭಾವ ಎಷ್ಟಿದೆ ಎಂಬುದು ನಿಮಗೆ ಗೊತ್ತೇ ಇದೆ. ಆದ್ದರಿಂದ ನಿಮ್ಮ ಇಚ್ಛೆ ಏನೆಂಬುದನ್ನು ಒಂದು ಹಾಳೆಯಲ್ಲಿ ಬರೆದು, ಎರಡೂ ಕಡೆಯ ಗುರುಗಳಿಗೆ ತಿಳಿಸಿ ಹೋಗಿರಿ. ಶವಪೆಟ್ಟಿಗೆ ಮುಂದಿಟ್ಟುಕೊಂಡು ಮಕ್ಕಳು ಮೂರು ಊರುಗಳಿಗೆ ಫೋನು ಮಾಡುತ್ತಾ ಕೂರುವಂತಾಗಬಾರದು.

ಇನ್ನೊಂದು ಕಾನೂನು ಇದೆ, ನೋಡಲು ಒಣ ಕಾನೂನು, ಒಳಗೆ ದೊಡ್ಡ ಅರ್ಥ. ಒಬ್ಬ ಕಥೋಲಿಕನು ಯಾವ ಧರ್ಮಕೇಂದ್ರಕ್ಕೆ ಸೇರಿದವನು? ಒಂದು ಸ್ಥಳದಲ್ಲಿ ಪೂರ್ತಿ 5 ವರ್ಷ ವಾಸವಾಗಿದ್ದರೆ ಅದು ಅವನ ನೆಲೆ. ಆದರೆ ಶಾಶ್ವತವಾಗಿ ಇಲ್ಲೇ ಇರುತ್ತೇನೆಂಬ ಉದ್ದೇಶದಿಂದ ಬಂದು ವಾಸವಾದರೆ ಮೊದಲ ದಿನವೇ ಅದು ಅವನ ನೆಲೆಯಾಗುತ್ತದೆ. ಮನಸ್ಸಿನ ನಿರ್ಧಾರಕ್ಕೆ ಧರ್ಮಸಭೆ ಕೊಡುವ ಬೆಲೆ ಅಷ್ಟು. ಎಷ್ಟೋ ಹಿರಿಯರು ಹೊಸ ಊರಿಗೆ ಹೋಗಿ ಏಳೆಂಟು ವರ್ಷವಾದರೂ ಧರ್ಮಕೇಂದ್ರದ ಪುಸ್ತಕದಲ್ಲಿ ಹೆಸರು ಬರೆಸಿರುವುದಿಲ್ಲ. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ. ಕಾಯಿಲೆ ಬಿದ್ದಾಗ ಪರಮಪ್ರಸಾದ ತರಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ. ವ್ಯಾಧಿಸ್ಥರ ಅಭ್ಯಂಗವು ಕೊನೆಯುಸಿರಿನವರಿಗೆ ಮಾತ್ರವಲ್ಲ, ಕಾಯಿಲೆಯಿಂದ ಅಥವಾ ಮುಪ್ಪಿನಿಂದ ಅಪಾಯದ ಸ್ಥಿತಿ ತಲೆದೋರಿದಾಗಲೇ ಅದನ್ನು ಪಡೆಯಬಹುದು. ಆದರೆ ಗುರುಗಳಿಗೆ ನೀವಿರುವುದೇ ತಿಳಿಯದಿದ್ದರೆ ಯಾರು ಬರುತ್ತಾರೆ? ಗೃಹಪ್ರವೇಶದ ಆಶೀರ್ವಾದಕ್ಕೆ ಗುರುಗಳನ್ನು ಕರೆಯುವ ದಿನವೇ ದೀಕ್ಷಾಸ್ನಾನದ ಮತ್ತು ವಿವಾಹದ ಪತ್ರಗಳ ಪ್ರತಿ ಕೊಟ್ಟು ಹೆಸರು ಬರೆಸಿರಿ.

ಶಿಲುಬೆಯ ಮೇಲಿದ್ದ ಪ್ರಭು ತಮ್ಮ ತಾಯಿಯ ವೃದ್ಧಾಪ್ಯಕ್ಕೆ ಏರ್ಪಾಡು ಮಾಡಿದ್ದನ್ನು ನೆನೆಯಿರಿ. ಮಾತೆ ಮರಿಯಮ್ಮನವರಿಗೆ ಅವರು ಒಂದು ಊರನ್ನು ತೋರಿಸಲಿಲ್ಲ, ಒಬ್ಬ ಮನುಷ್ಯನನ್ನು ತೋರಿಸಿದರು. ಆ ಗಳಿಗೆಯಿಂದ ಶಿಷ್ಯನು ಆಕೆಯನ್ನು ತನ್ನ ಮನೆಗೆ ಕರೆದುಕೊಂಡನೆಂದು ಸಂತ ಯೊವಾನ್ನರು ಬರೆಯುತ್ತಾರೆ. ಮುಂದೆ ಆಕೆ ಎಲ್ಲಿದ್ದರು? ಜೆರುಸಲೇಮಿನಲ್ಲೇ ಎಂದು ಒಂದು ಪರಂಪರೆ. ಯೊವಾನ್ನರೊಂದಿಗೆ ಕಡಲಾಚೆ ಎಫೆಸಕ್ಕೆ ಹೋದರೆಂದು ಇನ್ನೊಂದು ಪರಂಪರೆ. ಈಗಿನ ಟರ್ಕಿಯಲ್ಲಿ, ಎಫೆಸದ ಬಳಿಯ ಬೆಟ್ಟದ ಮೇಲೆ 'ಮರಿಯಮ್ಮನ ಮನೆ' ಎಂದು ಪೂಜಿಸುವ ಪುಟ್ಟ ಕಟ್ಟಡವಿದೆ. ಜಗದ್ಗುರು ಆರನೆಯ ಪೌಲರು 1967ರಲ್ಲಿ, ಎರಡನೆಯ ಜಾನ್ ಪೌಲರು 1979ರಲ್ಲಿ, ಹದಿನಾರನೆಯ ಬೆನೆಡಿಕ್ಟರು 2006ರಲ್ಲಿ ಅಲ್ಲಿ ಪ್ರಾರ್ಥಿಸಿದರು. ಊರು ಯಾವುದೆಂಬುದರಲ್ಲಿ ಭಿನ್ನಾಭಿಪ್ರಾಯ ಉಳಿದಿದೆ, ಜೊತೆಗಿದ್ದವನು ಯಾರೆಂಬುದರಲ್ಲಿ ಇಲ್ಲ. ಅಂದಹಾಗೆ, ಇದೇ ಬೆನೆಡಿಕ್ಟರು 2013ರಲ್ಲಿ ಪದವಿ ಬಿಟ್ಟಾಗ ಹುಟ್ಟೂರಾದ ಬವೇರಿಯಾಕ್ಕೆ ಹಿಂದಿರುಗಲಿಲ್ಲ. ವ್ಯಾಟಿಕನ್ ತೋಟದ ಒಂದು ಮಠದಲ್ಲಿ, ತಮ್ಮನ್ನು ಬಲ್ಲ ನಾಲ್ಕಾರು ಜನರ ನಡುವೆ 2022ರ ಡಿಸೆಂಬರ್ 31ರವರೆಗೆ ಬಾಳಿದರು.

ಆದ್ದರಿಂದ ಕೇಳುವ ದಂಪತಿಗಳಿಗೆ ನಾನು ಹೇಳುವುದಿಷ್ಟು. ಇಲ್ಲಿನ ಮನೆಯನ್ನು ಈಗಲೇ ಮಾರಬೇಡಿ. ಅಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ, ಮಳೆಗಾಲವೂ ಬೇಸಿಗೆಯೂ ಸೇರಿ. ಯಕೋಬನು ಗಡಿ ದಾಟುವ ಮುನ್ನ ಬೇರ್ಷೆಬದಲ್ಲಿ ನಿಂತು ಬಲಿ ಅರ್ಪಿಸಿ, ಆ ರಾತ್ರಿ ದೇವರು ಹೆದರಬೇಡವೆಂದು ಹೇಳಿದ ಮೇಲೆ ಬಂಡಿ ಹತ್ತಿದ. ನೀವೂ ಗಂಡಹೆಂಡಿರಿಬ್ಬರೂ ಒಟ್ಟಿಗೆ ಜಪಸರ ಹಿಡಿದು ಕೂತು, ಇಬ್ಬರ ಮನಸ್ಸೂ ಒಪ್ಪುವವರೆಗೆ ಕಾಯಿರಿ.

ಇನ್ನು ಎಲ್ಲಿಗೂ ಹೋಗದೆ ಇಲ್ಲೇ ಇರುವ ನಮಗೂ ಒಂದು ಮಾತು ಬಾಕಿ ಇದೆ. ನಮ್ಮವರು ಹೋಗುವಂತೆ ಬೇರೆಯವರು ನಮ್ಮಲ್ಲಿಗೆ ಬರುತ್ತಾರೆ. ಮಂಗಳೂರು, ಉಡುಪಿಯ ಕಡೆಯ ಧರ್ಮಕೇಂದ್ರಗಳಲ್ಲಿ ಮುಂಬಯಿಯಿಂದ ನಿವೃತ್ತರಾಗಿ ಬಂದ ಹಿರಿಯರು ಎಷ್ಟೊಂದು ಮಂದಿ! ಹುಟ್ಟೂರೇ ಆದರೂ ನಲವತ್ತು ವರ್ಷದ ನಂತರ ಅವರಿಗೆ ಅದು ಹೊಸ ಊರು. ಜೊತೆಗಾರರು ಸತ್ತಿದ್ದಾರೆ, ಹುಡುಗರಿಗೆ ಇವರ ಗುರುತಿಲ್ಲ. ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವೆಂದು ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಗೊತ್ತುಮಾಡಿದರು; ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬದ ಹತ್ತಿರ. ಅಂದು ನಾವು ಶಾಲು ಹೊದಿಸುತ್ತೇವೆ, ಫೋಟೋ ತೆಗೆಯುತ್ತೇವೆ. ಆದರೆ ಹೊಸದಾಗಿ ಬಂದ ಮುದುಕ ಮುದುಕಿ ಹಿಂದಿನ ಬೆಂಚಿನ ತುದಿಯಲ್ಲಿ ಕೂರುವುದು ಜುಲೈ ಒಂದೇ ಭಾನುವಾರ ಅಲ್ಲ. ಮೊದಲ ಭಾನುವಾರ ಅವರು ಪೂಜೆ ಮುಗಿದ ಮೇಲೆ ಯಾರಾದರೂ ಮಾತಾಡಿಸುತ್ತಾರೇನೋ ಎಂದು ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಎರಡನೆಯ ಭಾನುವಾರವೂ ನಿಲ್ಲುತ್ತಾರೆ. ಮೂರನೆಯದಕ್ಕೂ ಹೆಸರು ಕೇಳುವವರಿಲ್ಲದಿದ್ದರೆ, ನಾಲ್ಕನೆಯ ಭಾನುವಾರ ಟಿ.ವಿ.ಯಲ್ಲಿ ಪೂಜೆ ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾರೆ.